ಅಪ್ಪನ ಇಲಾಖೆಯ ಲಾಭ-ನಷ್ಟ

ಕಂಪನಿಗಳ ಪರಿಚಯ ಬರೆಯುವುದು ನನ್ನ ಹೊಟ್ಟೆಪಾಡು. ಪರಿಚಯ ಅಂದರೆ ಹೊಗಳಿಕೆಯಲ್ಲ. ಒಂದು ಸಂಸ್ಥೆಯಲ್ಲಿ ಹಣ ಹೂಡುವವರಿಗೆ, ಅದಕ್ಕೆ ಸಾಲ ಕೊಡುವವರಿಗೆ, ಆ ಸಂಸ್ಥೆ ಏನು ಮಾಡುತ್ತದೆ, ಎಲ್ಲಿಂದ ದುಡಿಯುತ್ತದೆ, ಎಲ್ಲಿ ಸೋರುತ್ತದೆ ಎಂದು ಹತ್ತು ಹನ್ನೆರಡು ಪುಟಗಳಲ್ಲಿ ಹೇಳಿ ಮುಗಿಸುವುದು. ಆಫೀಸು ಬೆಂಗಳೂರಿನಲ್ಲಿದೆ. ವಾರದಲ್ಲಿ ಕೆಲವು ದಿನ ದೊಡ್ಡಬಳ್ಳಾಪುರದಿಂದ ರೈಲು ಹಿಡಿದು ಹೋಗುತ್ತೇನೆ. ಉಳಿದ ದಿನ ಅಪ್ಪ ಅಮ್ಮನ ಮನೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೇನೆ. ಸಿಮೆಂಟು, ಔಷಧ, ಟೈರು, ಬಿಸ್ಕತ್ತು, ಎಲ್ಲದರ ಬಗ್ಗೆಯೂ ಬರೆದಿದ್ದೇನೆ. ಬರೆದ ಮೇಲೆ ಯಾವುದೂ ನನ್ನ ತಲೆಯಲ್ಲಿ ಉಳಿದಿಲ್ಲ.

ಈ ಸಲ ಬಂದದ್ದು ದೇಶದ ಸರ್ಕಾರಿ ಟೆಲಿಫೋನ್ ಸಂಸ್ಥೆ. ಕೆಲಸ ಒಪ್ಪಿಸಿದ ನಮ್ಮ ಮೇಲಿನವರು ಕಾಗದ ತಿರುವುತ್ತಾ, "ನಿಮ್ಮೂರ ಕಡೆ ಇವರ ಲ್ಯಾಂಡ್‌ಲೈನನ್ನ ಇನ್ನೂ ಯಾರಾದ್ರೂ ಇಟ್ಕೊಂಡಿದ್ದಾರಾ?" ಎಂದು ಕೇಳಿದರು. "ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು ಸಾರ್" ಅಂದೆ. ನಮ್ಮ ಮನೆಯ ನಡುಮನೆಯಲ್ಲೇ ಆ ಫೋನಿದೆ. ನಮ್ಮಪ್ಪ ಅದೇ ಸಂಸ್ಥೆಯಲ್ಲಿ ಲೈನ್‌ಮನ್ ಆಗಿದ್ದು ಸ್ವಯಂ ನಿವೃತ್ತಿ ತಗೊಂಡವರು. ಎರಡನ್ನೂ ಹೇಳಲಿಲ್ಲ. ಆ ದಿನದ ಡೈರಿಯಲ್ಲಿ "ಹೇಳುವ ಸಂದರ್ಭ ಬರಲಿಲ್ಲ" ಎಂದು ಬರೆದುಕೊಂಡಿದ್ದೇನೆ. ಈಗ ಓದಿದರೆ ನಗು ಬರುತ್ತದೆ. ಸಂದರ್ಭ ಎದುರಿಗೇ ಕೂತು ಪ್ರಶ್ನೆ ಕೇಳಿತ್ತು. ನನ್ನ ಡೈರಿ ನಂಬುವಂಥದ್ದಲ್ಲ ಅನ್ನುವುದಕ್ಕೆ ಇದೊಂದೇ ಸಾಕು. ನೆನಪಾದರೂ ಮರೆವಿನಿಂದ ಸುಳ್ಳು ಹೇಳುತ್ತದೆ, ಡೈರಿ ಸುಳ್ಳನ್ನು ಬಿಸಿಬಿಸಿಯಾಗಿಯೇ ಹೇಳಿಬಿಡುತ್ತದೆ.

ಅಪ್ಪನಿಗೆ ಅದು ಇವತ್ತಿಗೂ ಕಂಪನಿ ಅಲ್ಲ. ಅದು ಕಂಪನಿಯಾಗಿ, ಆಡಳಿತ ಮಂಡಳಿ, ವಾರ್ಷಿಕ ವರದಿ ಎಲ್ಲ ಬಂದು ಎಷ್ಟೋ ಕಾಲವಾಯಿತು. ಅಪ್ಪ ಮಾತ್ರ "ಇಲಾಖೆ" ಅನ್ನುತ್ತಾರೆ. ಅವರ ಜೊತೆ ಕೆಲಸ ಮಾಡಿದವರೆಲ್ಲ ಹಾಗೇ ಅನ್ನುತ್ತಾರೆ. ಕಂಪನಿ ಅಂದರೆ ಮುಚ್ಚಬಹುದು, ಮಾರಬಹುದು. ಇಲಾಖೆ ಅಂದರೆ ಮಳೆಗಾಲದ ಹಾಗೆ, ಒಂದು ವರ್ಷ ಚೆನ್ನಾಗಿರುತ್ತದೆ, ಒಂದು ವರ್ಷ ಇರುವುದಿಲ್ಲ, ಇಲ್ಲದೆ ಮಾತ್ರ ಹೋಗುವುದಿಲ್ಲ. ಸ್ವಯಂ ನಿವೃತ್ತಿ ಯೋಜನೆ ಬಂದ ವರ್ಷ, ಒಂದೇ ದಿನ ಸಂಜೆ ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಹುಪಾಲು ಜನ ಹಾರ ಹಾಕಿಸಿಕೊಂಡು ಹೊರಗೆ ಬಂದರು. ಅಪ್ಪನೂ ಬಂದರು. ಹಾರವನ್ನು ಸ್ಕೂಟರಿನ ಹ್ಯಾಂಡಲ್‌ಗೆ ತಗುಲಿಸಿಕೊಂಡು ಬಂದು, "ನಾವು ಜಾಗ ಖಾಲಿ ಮಾಡಿಕೊಟ್ರೆ ಇಲಾಖೆ ಎದ್ದು ನಿಲ್ಲುತ್ತಂತೆ" ಎಂದು ಅಮ್ಮನಿಗೆ ಹೇಳಿದರು. ಅವರು ನಿಜವಾಗಿ ಹೀಗೇ ಹೇಳಿದರಾ, ಇಲ್ಲ ಆಮೇಲೆ ಆದದ್ದನ್ನು ನೋಡಿ ನಾನು ಈ ಮಾತನ್ನು ಅವರ ಬಾಯಲ್ಲಿ ಇಟ್ಟೆನಾ, ಖಾತ್ರಿಯಿಲ್ಲ. ಹಾರ ಮಾತ್ರ ನಿಜ. ಅದರ ಹೂವು ನಮ್ಮ ಜಗಲಿಯಲ್ಲೆಲ್ಲ ಉದುರಿತ್ತು.

ಅವರ ಕೆಲಸದ ಬಗ್ಗೆ ನನಗಿರುವ ಒಂದು ನೆನಪನ್ನು ಇಲ್ಲಿ ಹೇಳಬೇಕು. ನಮ್ಮೂರಿನ ಮಗ್ಗದ ಬೀದಿಗಳಲ್ಲಿ ಕರೆಂಟಿನ ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳುವುದಿಲ್ಲ, ಇನ್ನು ತಂತಿಯೊಳಗಿನ ಸದ್ದು ಎಲ್ಲಿಂದ ಕೇಳಬೇಕು. ಅಪ್ಪ ಫೋನು ರಿಪೇರಿಗೆ ಹೋದರೆ ಆ ಮನೆಯವರು ಮಗ್ಗ ನಿಲ್ಲಿಸಲೇಬೇಕಿತ್ತು. ನಡುವೆ ನಿಲ್ಲಿಸಿ ಮತ್ತೆ ಓಡಿಸಿದರೆ ಸೀರೆಯ ಅಡ್ಡಕ್ಕೆ ಸಣ್ಣದೊಂದು ಗೆರೆ ಉಳಿದುಬಿಡುತ್ತದೆ; ವ್ಯಾಪಾರಿ ಅದನ್ನು ಬೆರಳಲ್ಲಿ ಸವರಿಯೇ ಹಿಡಿದುಬಿಡುತ್ತಾನೆ. ಆದರೂ ನಿಲ್ಲಿಸುತ್ತಿದ್ದರು. ಅಪ್ಪ ರಿಸೀವರನ್ನು ಕಿವಿಗಿಟ್ಟು ಕಣ್ಣು ಮುಚ್ಚಿಕೊಂಡರೆ ಮನೆಯವರೆಲ್ಲ ಕೈಕಟ್ಟಿ ನಿಲ್ಲುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದೇನೆ ಎಂದುಕೊಂಡೇ ಬೆಳೆದೆ. ಅಮ್ಮನನ್ನು ಕೇಳಿದರೆ, "ನಿನ್ನ ಯಾವತ್ತು ಡ್ಯೂಟಿಗೆ ಕರ್ಕೊಂಡು ಹೋಗಿದ್ರು, ಊಟಕ್ಕೆ ಕೂತಾಗ ಅವರು ಹೇಳ್ತಿದ್ದಿದ್ದನ್ನ ಕೇಳಿರ್ತೀಯ" ಅನ್ನುತ್ತಾಳೆ. ಅಮ್ಮ ಹೇಳುವುದೇ ನಿಜವಿರಬೇಕು.

ವರದಿ ಬರೆಯುವ ದಿನಗಳಲ್ಲಿ ಅಪ್ಪ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತರು. ಪರದೆಯ ಮೇಲೆ ಸಂಸ್ಥೆಯ ಚಿಹ್ನೆ ಇತ್ತು.

"ಇದು ನಮ್ಮ ಇಲಾಖೆದಲ್ವಾ?"

"ಹೂಂ ಅಪ್ಪ. ಅದರ ಮೇಲೇ ಬರೀತಿದ್ದೀನಿ."

"ನಮ್ಮ ಇಲಾಖೆ ಮೇಲೆ? ನೀನು?" ಅಂದರು. ಕಾಫಿ ಆರುವ ತನಕ ಅಲ್ಲೇ ನಿಂತಿದ್ದರು. ಆಮೇಲೆ ಅಡುಗೆಮನೆಗೆ ಹೋಗಿ, ಅಮ್ಮ ಕೇಳದಿದ್ದರೂ, "ನೋಡು, ನಾನು ಕಂಬ ಹತ್ತಿದ್ದಕ್ಕೆ ಇವಳು ಪುಸ್ತಕ ಬರೀತಿದ್ದಾಳೆ" ಅಂದರು. ಪುಸ್ತಕ ಅಲ್ಲ ಎಂದು ನಾನು ಕೂಗಿ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಬರೆದದ್ದು ಏನೆಂದರೆ: ಈ ಸಂಸ್ಥೆಗೆ ದೇಶದ ಉದ್ದಗಲಕ್ಕೂ ಊರ ನಡುವೆಯೇ ಬೆಲೆಬಾಳುವ ಜಾಗಗಳಿವೆ, ಕಟ್ಟಡಗಳಿವೆ. ನೆಲದೊಳಗಿನ ತಾಮ್ರದ ತಂತಿಯಿಂದ ಬರುವ ಆದಾಯ ಕರಗುತ್ತಿದೆ, ಫೈಬರಿನಿಂದ ಬರುವುದು ಏರುತ್ತಿದೆ. ಮೊಬೈಲಿನಲ್ಲಿ ಖಾಸಗಿಯವರಿಗಿಂತ ತಡವಾಗಿ ಓಟಕ್ಕೆ ಇಳಿದಿದೆ. ಸರ್ಕಾರ ಮತ್ತೆ ಮತ್ತೆ ಬಂಡವಾಳ ಹಾಕಿ ಎತ್ತಿ ಹಿಡಿದಿದೆ. ಬಹಳ ಕಾಲದ ನಷ್ಟದ ನಂತರ ಈಚೆಗೆ ಆಗೊಮ್ಮೆ ಈಗೊಮ್ಮೆ ಮೂರು ತಿಂಗಳ ಲೆಕ್ಕದಲ್ಲಿ ಲಾಭ ಕಂಡಿದೆ. ಅದಾದ ಮೇಲೆ ಒಂದು ವಾಕ್ಯ. ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: "ಹಳೆಯ ನೌಕರರು ಒಟ್ಟಿಗೆ ಹೊರಹೋದದ್ದು ಈ ಸಂಸ್ಥೆಯ ಹಣಕಾಸಿಗೆ ಈಚಿನ ವರ್ಷಗಳಲ್ಲಿ ಆದ ಅತ್ಯಂತ ಒಳ್ಳೆಯ ಸಂಗತಿ." ಆ ವಾಕ್ಯವನ್ನು ನಾನು ಅಳೆದು ತೂಗಿ ಬರೆದಿದ್ದೆ. ಬರೆದಾಗ ನನಗೆ ಅಪ್ಪ ನೆನಪಾಗಲಿಲ್ಲ. ನೆನಪಾಗಿ ನೋವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆಗಲಿಲ್ಲ. ವಾಕ್ಯ ಚೊಕ್ಕವಾಗಿ ಬಂತಲ್ಲ ಎಂದು ಖುಷಿಯಾಯಿತು.

ಅಪ್ಪ ಮತ್ತು ಅವರ ಜೊತೆಯ ನಿವೃತ್ತರು ಭಾನುವಾರ ಬೆಳಿಗ್ಗೆ ಎಕ್ಸ್‌ಚೇಂಜಿನ ಪಕ್ಕದ ಟೀ ಹೋಟೆಲಿನಲ್ಲಿ ಸೇರುತ್ತಾರೆ. ಕೆಲಸದಲ್ಲಿದ್ದಾಗ ಅವರಿಗೆ ಗೇಟ್ ಮೀಟಿಂಗ್ ಅನ್ನುವುದೊಂದಿತ್ತು. ದೆಹಲಿಯಿಂದ ಸುತ್ತೋಲೆ ಬಂದರೆ ಯೂನಿಯನ್ನಿನವರು ಎಲ್ಲರನ್ನೂ ಗೇಟಿನ ಹತ್ತಿರ ನಿಲ್ಲಿಸಿ, ಇಂಗ್ಲಿಷಿನದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವುದು. ಓದಿ ಮುಗಿದ ಮೇಲೆ, ಸರಿ, ಈಗ ನಾವೇನು ಮಾಡೋಣ ಎಂದು ತೀರ್ಮಾನಿಸುವುದು. ಮಾರನೆಯ ದಿನವೇ ಅದರಂತೆ ನಡೆಯುವುದು. ನಿವೃತ್ತರಾದ ಮೇಲೂ ಪಿಂಚಣಿಯ ಸುತ್ತೋಲೆಗಳನ್ನು ಹೋಟೆಲಿನಲ್ಲಿ ಹೀಗೇ ಓದುತ್ತಾರೆ. ನನ್ನ ವರದಿಯನ್ನೂ ಹಾಗೇ ಓದಬೇಕು ಎಂದು ಅಪ್ಪ ಅಲ್ಲಿ ಮಾತು ಕೊಟ್ಟು ಬಂದಿದ್ದರು. ಇಲಾಖೆ ಮತ್ತೆ ಎದ್ದಿದೆಯಂತೆ, ನನ್ನ ಮಗಳೇ ಬರೆದಿದ್ದಾಳೆ ಎಂದೂ ಹೇಳಿದ್ದರು. ನಾನು ಓದಲು ಒಪ್ಪದಿದ್ದರೆ ಅವರ ಮರ್ಯಾದೆ ಉಳಿಯುತ್ತಿರಲಿಲ್ಲ. ಆ ವಾಕ್ಯ ಓದಿದರೂ ಉಳಿಯುತ್ತಿರಲಿಲ್ಲ.

ವರದಿ ಅಷ್ಟು ಹೊತ್ತಿಗೆ ಹೊರಗೆ ಬಂದಿತ್ತು, ಓದಬಾರದು ಅನ್ನಲು ಆಫೀಸಿನ ನೆಪವೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಕೂತು ಕನ್ನಡದಲ್ಲಿ ಬರೆದೆ. ಆ ವಾಕ್ಯ ಬಿಟ್ಟೆ. ಅದೊಂದನ್ನೇ ಬಿಟ್ಟರೆ ಹಿಂದಿನ ಮುಂದಿನ ಮಾತು ಕೂಡುತ್ತಿರಲಿಲ್ಲ, ಆದ್ದರಿಂದ ನೌಕರರ ಖರ್ಚಿನ ಇಡೀ ಭಾಗವನ್ನೇ ಬಿಟ್ಟೆ. ಅಪ್ಪನಿಗೆ ನೋವಾಗದಿರಲಿ ಅಂತ ಬಿಟ್ಟೆ ಎಂದು ಆವತ್ತು ನಂಬಿದ್ದೆ. ಈಗ ಅನುಮಾನ. ಬರೆದವಳು ಇವಳೇ ಎಂದು ಆ ಹೋಟೆಲಿನಲ್ಲಿ ಎಲ್ಲರೂ ನನ್ನ ಮುಖ ನೋಡುವ ಗಳಿಗೆಯನ್ನು ತಪ್ಪಿಸಿಕೊಳ್ಳಬೇಕಿತ್ತು, ಅಷ್ಟೇ ಇರಬಹುದು.

ಭಾನುವಾರ ಏಳೆಂಟು ಜನ ಇದ್ದರು. ಅಪ್ಪನ ಪಕ್ಕದಲ್ಲಿ, ನೆಲದೊಳಗಿನ ಕೇಬಲ್ ಜೋಡಿಸುವ ಕೆಲಸದಲ್ಲಿದ್ದ ಸಾಹೇಬರು. ಅಪ್ಪ ಅವರನ್ನು ಭಾಯಿ ಅನ್ನುತ್ತಾರೆ. ಎದುರಿಗೆ ಟ್ರಂಕ್ ಕಾಲಿನ ಕಾಲದಲ್ಲಿ ಆಪರೇಟರ್ ಆಗಿದ್ದ ಹೆಂಗಸು. ಎಲ್ಲರೂ ಅವರನ್ನು ಇವತ್ತಿಗೂ ಮೇಡಂ ಅಂತಲೇ ಕರೆಯುವುದು. ನಾನು ಹಾಳೆ ತೆಗೆದದ್ದೇ ಭಾಯಿ, "ಬೇಟಿ, ಕನ್ನಡದಾಗೆ ಓದಮ್ಮ. ನಿಮ್ಮಪ್ಪಂಗೆ ಕಂಬ ಹತ್ತಿದ್ರೆ ಮಾತ್ರ ಇಂಗ್ಲಿಷ್ ಬರೋದು" ಅಂದರು.

"ನಿಂಗೆ ಗುಂಡಿಗೆ ಇಳಿದ್ರೂ ಬರಲ್ಲ, ಸುಮ್ಕಿರು ಭಾಯಿ" ಅಂದರು ಅಪ್ಪ.

"ಇಬ್ರೂ ಲೈನ್ ಬಿಡಿ, ಮಗು ಓದಲಿ" ಅಂದರು ಮೇಡಂ.

ಓದಿದೆ. ಜಾಗಗಳ ವಿಷಯ ಬಂದಾಗ ಯಾರೋ, ನಮ್ಮ ಎಕ್ಸ್‌ಚೇಂಜಿನ ಹಿಂದಿನ ಹುಣಸೆಮರದ ಜಾಗವೂ ಅದರಲ್ಲಿ ಬಂತಾ ಎಂದು ಕೇಳಿದರು. ಫೈಬರಿನ ವಿಷಯ ಬಂದಾಗ ತಲೆದೂಗಿದರು. ಲಾಭ ಅನ್ನುವ ಮಾತು ಬಂದಾಗ ಅಪ್ಪ ಯಾರನ್ನೂ ನೋಡದೆ ಟೀ ಲೋಟದ ಅಂಚನ್ನು ಬೆರಳಲ್ಲಿ ಒರೆಸಿದರು. ನಾನು ಹಾಳೆ ಮಡಿಚಿದೆ.

"ಲಾಭ ಹೆಂಗೆ ಬಂತಮ್ಮ ಆದ್ರೆ?" ಮೇಡಂ ಕೇಳಿದರು. ಅನುಮಾನದ ಪ್ರಶ್ನೆಯಲ್ಲ ಅದು. ಮನೆಯ ಹುಡುಗ ಪಾಸಾದ ಅಂದರೆ, ಎಷ್ಟು ಓದಿದ್ದ ಎಂದು ಕೇಳುತ್ತಾರಲ್ಲ, ಹಾಗೆ.

"ಫೈಬರ್ ಮೇಡಂ. ಹೊಸ ಟವರುಗಳೂ ಸೇರಿ" ಅಂದೆ.

ಅಷ್ಟೇ ನಾನು ಹೇಳಿದ್ದು. ಅರ್ಧ ನಿಜ ಇತ್ತು, ಆದ್ದರಿಂದ ಸಲೀಸಾಗಿ ಬಾಯಿಗೆ ಬಂತು.

ಅವರು ಅದನ್ನು ಸುತ್ತೋಲೆ ಅಂತಲೇ ತಗೊಂಡರು. ಓದಿ ಮುಗಿಯಿತಲ್ಲ, ಈಗ ನಾವೇನು ಮಾಡೋಣ ಎಂದು ಮಾತು ಶುರುವಾಯಿತು. ಫೈಬರಿನಿಂದ ಇಲಾಖೆ ಏಳುತ್ತಿದೆ ಅಂದಮೇಲೆ ಫೈಬರ್ ನೋಡಿಕೊಳ್ಳಲು ಜನ ಬೇಕು. ಬೀದಿಬೀದಿ ಗೊತ್ತಿರುವವರು ತಾವು. ಬೆಳಿಗ್ಗೆ ಎರಡು ಗಂಟೆ ಬೇಕಾದರೆ ಪುಕ್ಕಟೆ ಓಡಾಡುತ್ತೇವೆ, ಒಂದು ಗುರುತಿನ ಚೀಟಿ ಕೊಡಲಿ ಸಾಕು ಎಂದು ಎಕ್ಸ್‌ಚೇಂಜಿನ ಈಗಿನ ಆಫೀಸರನ್ನು ಕೇಳುವುದು. ಅಪ್ಪ ಮತ್ತು ಭಾಯಿ ಹೋಗುವುದೆಂದಾಯಿತು. ನಾನು ಅಲ್ಲೇ ಕೂತಿದ್ದೆ. ಬೇಡ ಅನ್ನಲು ಆಗಲೂ ಸಮಯವಿತ್ತು. "ವಿಚಾರಿಸಿ ನೋಡಿ" ಅಂದೆ ಅನ್ನಿಸುತ್ತದೆ. ಏನೂ ಅನ್ನದೆಯೂ ಇದ್ದಿರಬಹುದು. ಎರಡರಲ್ಲಿ ಯಾವುದಾಗಿದ್ದರೂ ವ್ಯತ್ಯಾಸವಿಲ್ಲ.

ಸೋಮವಾರ ನಾನು ಬೆಂಗಳೂರಿಗೆ ಹೋಗಿದ್ದೆ. ಸಂಜೆ ಬಂದಾಗ ಅಪ್ಪ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಇನ್ನೂ ಮೈಮೇಲಿತ್ತು.

"ಹೋಗಿದ್ರಾ?" ಅಂದೆ.

"ಹೋಗಿದ್ವಿ. ಒಳ್ಳೇ ಹುಡುಗ ಕಣಮ್ಮ ಆಫೀಸರು. ಎದ್ದು ನಿಂತ. ಟೀ ತರಿಸ್ದ." ಚೊಂಬನ್ನು ಕೆಳಗಿಟ್ಟರು. "ಫೈಬರ್ ಕೆಲಸ ಎಲ್ಲ ಕಂಟ್ರಾಕ್ಟಿಗೆ ಹೋಗಿದೆಯಂತೆ. ನಾವು ಪುಕ್ಕಟೆ ಮಾಡ್ತೀವಿ ಅಂದ್ರೂ ಹಂಗೆಲ್ಲ ಒಳಗೆ ಬಿಟ್ಕೊಳಕ್ಕಾಗಲ್ವಂತೆ."

"ಹೌದಾ."

"ಭಾಯಿ ಬಿಡಲಿಲ್ಲ. ಇಲಾಖೆ ಲಾಭಕ್ಕೆ ಬಂದಿದೆ, ಜನ ಬೇಡ್ವಾ ಸಾರ್ ಅಂದ. ಅದಕ್ಕೆ ಆ ಹುಡುಗ, ಅಂಕಲ್, ನಿಮ್ಮ ಬ್ಯಾಚು ಪೂರಾ ಹೋಯ್ತಲ್ಲ, ಸಂಬಳ ಮಿಕ್ಕಿತು, ಅದಕ್ಕೇ ಲಾಭ ಕಾಣ್ತಿರೋದು ಅಂದ. ಕೆಟ್ಟದ್ದಕ್ಕಲ್ಲ ಅಂದಿದ್ದು. ಲೆಕ್ಕ ಹಂಗೇ ಅಂತೆ." ಟವೆಲಿನಲ್ಲಿ ಕಾಲು ಒರೆಸಿಕೊಂಡರು. ಒಂದೊಂದೇ ಬೆರಳಿನ ಸಂದಿ ಒರೆಸಿಕೊಂಡರು. ಆಮೇಲೆ ಕೇಳಿದರು: "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬರೆದಿದ್ಯಾ ಅದನ್ನ?"

"ಬರೆದಿದ್ದೀನಿ."

"ತೋರ್ಸು."

ಲ್ಯಾಪ್‌ಟಾಪ್ ತಂದು ಆ ಪುಟ ತೆಗೆದುಕೊಟ್ಟೆ. ಇಂಗ್ಲಿಷ್ ವಾಕ್ಯವನ್ನು ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದರು. ಒಂದು ಕಡೆ ಬೆರಳು ನಿಂತಿತು. ಅರ್ಥ ಕೇಳುತ್ತಾರೆ ಎಂದುಕೊಂಡೆ, ಕೇಳಲಿಲ್ಲ.

"ಸರಿಯಾಗೇ ಇದೆಯಲ್ಲಮ್ಮ. ಇದನ್ನೇ ಓದಬೇಕಿತ್ತು" ಅಂದರು.

"ನಿಮಗೆ ಬೇಜಾರಾಗುತ್ತೆ ಅಂತ ಬಿಟ್ಟೆ."

"ಬೇಜಾರು ನನ್ನದು. ನಿಂಗ್ಯಾಕೆ ಅದರ ಉಸಾಬರಿ." ದನಿ ಏರಲಿಲ್ಲ. "ಭಾಯಿ ವಾಪಸು ಬರ್ತಾ ದಾರಿ ಪೂರ್ತಿ ಮಾತಾಡ್ಲಿಲ್ಲ. ನಾನು ಸುಳ್ಳು ಓದಿಸ್ದೆ ಅಂದ್ಕೊಂಡನೋ, ನೀನು ತಿಳೀದೆ ಬರೆದೆ ಅಂದ್ಕೊಂಡನೋ."

ಮುಂದಿನ ಭಾನುವಾರ ನಾನೇ ಬಂದು ಹೇಳುತ್ತೇನೆ ಅಂದೆ. ಹೇಳುವ ಮನಸ್ಸೂ ಇತ್ತು ಎಂದೇ ನನ್ನ ನಂಬಿಕೆ. "ನೀನು ಬರ್ಬೇಡ. ನಾನು ಹೇಳ್ಕೋತೀನಿ" ಅಂದರು ಅಪ್ಪ. ನಾನು ಒಂದೇ ಸಲ ಕೇಳಿದ್ದು. ಎರಡನೇ ಸಲ ಕೇಳಿದ್ದರೆ ಅವರು ಒಪ್ಪಿಬಿಡುವ ಸಂಭವವಿತ್ತು, ಅದಕ್ಕೇ ಕೇಳಲಿಲ್ಲ.

ಭಾನುವಾರ ಅವರು ಹೋಟೆಲಿಗೆ ಹೋಗಿ ಎಂದಿನ ಹೊತ್ತಿಗೇ ಬಂದರು. ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಅಮ್ಮ ಅವರೆಕಾಯಿ ಸುಲಿಯಲು ಕೊಟ್ಟಳು, ಇಬ್ಬರೂ ಕೂತು ಸುಲಿದೆವು.

ಅವರು ಏನು ಹೇಳಿದರು ಅನ್ನುವುದು ನನಗೆ ಗೊತ್ತಾದದ್ದು ಮೇಡಂ ಬಾಯಿಂದ. ಸಂತೆ ದಿನ, ಸೊಪ್ಪಿನವಳ ಮುಂದೆ ಸಿಕ್ಕರು. ಒಂದು ಕಟ್ಟು ದಂಟಿನ ಸೊಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾ, "ಏನೇ ಹೇಳು, ನಿಮ್ಮಪ್ಪ ನಿನ್ನ ಕೈಲಿ ಹಂಗೆ ಮಾಡಿಸಬಾರದಿತ್ತಮ್ಮ" ಅಂದರು.

"ಏನು ಮೇಡಂ?"

"ಅದೇ, ವರದಿ. ನೀನು ಎಲ್ಲ ನೆಟ್ಟಗೆ ಬರೆದಿದ್ಯಂತೆ. ಇವರೇ, ಕೆಟ್ಟದ್ದೆಲ್ಲ ಬಿಟ್ಟು ಒಳ್ಳೇದು ಮಾತ್ರ ಓದು, ನಮ್ಮೋರು ಖುಷಿಯಾಗಿರಲಿ ಅಂದ್ರಂತೆ. ಅವರ ಬಾಯಲ್ಲೇ ಹೇಳಿದ್ರು ಹೋದ ವಾರ. ಭಾಯಿ ಬಾಯಿಗೆ ಬಂದಂಗೆ ಅಂದ. ನಮ್ಮನ್ನ ಆಫೀಸರ ಮುಂದೆ ಮಂಗ ಮಾಡ್ದಲ್ಲೋ ಅಂದ. ನಿಮ್ಮಪ್ಪ ತಲೆ ತಗ್ಗಿಸಿಕೊಂಡು ಕೂತಿದ್ರು." ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡರು. "ದೊಡ್ಡೋರು ಹೇಳಿದ್ಮೇಲೆ ನೀನು ಇನ್ನೇನು ಮಾಡ್ತೀಯ, ಪಾಪ."

ಆಗ ಹೇಳಬಹುದಿತ್ತು. ಇಲ್ಲ ಮೇಡಂ, ಅಪ್ಪ ಹಾಗೆ ಹೇಳಿಯೇ ಇರಲಿಲ್ಲ, ಬಿಟ್ಟದ್ದು ನಾನು, ಬರೆದದ್ದೂ ನಾನು. ಇಷ್ಟೇ ಮಾತು. ಹಿಂದೆ ಯಾರೋ ಸೌತೆಕಾಯಿಗೆ ಚೌಕಾಸಿ ಮಾಡುತ್ತಿದ್ದರು, ಸೊಪ್ಪಿನವಳು ಚಿಲ್ಲರೆಗೆ ಕೈ ಚಾಚಿದ್ದಳು. ನಾನು "ಹೂಂ ಮೇಡಂ" ಅಂದೆ.

ಇದನ್ನು ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಇನ್ನೊಂದಿದೆ. ಈಚೆಗೆ ನನಗೆ ಆ ಶನಿವಾರ ಅಪ್ಪ ನಿಜವಾಗಿಯೂ ಹಾಗೆ ಹೇಳಿದ್ದ ಹಾಗೆ ಕಾಣತೊಡಗಿದೆ. ನಾನು ಮೇಜಿನ ಮುಂದೆ ಕೂತಿದ್ದೇನೆ, ಅವರು ಬಾಗಿಲಲ್ಲಿ ನಿಂತು, ಒಳ್ಳೇದು ಮಾತ್ರ ಓದಮ್ಮ ಅನ್ನುತ್ತಿದ್ದಾರೆ. ಅಂಗಿಯ ಬಣ್ಣವೂ ಕಾಣುತ್ತದೆ. ಆ ಮಧ್ಯಾಹ್ನ ಅವರು ಮನೆಯಲ್ಲೇ ಇರಲಿಲ್ಲ, ನಲ್ಲೂರಿನ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಅಮ್ಮನೂ ಹೋಗಿದ್ದಳು, ಮನೆಯಲ್ಲಿದ್ದದ್ದು ನಾನೊಬ್ಬಳೇ. ಇದನ್ನು ಈಗಲೇ ಬರೆದಿಡದಿದ್ದರೆ ಇನ್ನು ಸ್ವಲ್ಪ ಕಾಲಕ್ಕೆ ಅಪ್ಪ ಕೊಟ್ಟ ಸುಳ್ಳನ್ನೇ ನಾನು ನೆನಪು ಅಂತ ಇಟ್ಟುಕೊಂಡುಬಿಡುತ್ತೇನೆ.

ಅಪ್ಪ ಭಾನುವಾರದ ಹೋಟೆಲು ಬಿಟ್ಟಿಲ್ಲ. ಸುತ್ತೋಲೆ ಓದುವಾಗ ಮಾತ್ರ ಈಗ ಯಾರೂ ಅವರ ಅಭಿಪ್ರಾಯ ಕೇಳುವುದಿಲ್ಲವಂತೆ, ಅಮ್ಮ ಹೇಳಿದಳು. ಅವರಿಗೊಂದು ಅಡ್ಡಹೆಸರೂ ಬಿದ್ದಿದೆ. ಹೋದ ವಾರ ಅಪ್ಪನ ಸ್ಕೂಟರಿನ ಹಿಂದೆ ಕೂತು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದಾಗ, ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಭಾಯಿ ಎದುರಾದರು. ಕೋಪ ಇಳಿದಿತ್ತು, ಗೇಲಿ ಉಳಿದಿತ್ತು.

"ಏನಪ್ಪಾ, ಒಳ್ಳೇ ಸುದ್ದಿ" ಎಂದು ಆ ಅಡ್ಡಹೆಸರು ಹಿಡಿದೇ ರಸ್ತೆಯ ಆ ಬದಿಯಿಂದ ಕೂಗಿದರು. "ಇವತ್ತು ಏನು ಓದಿಸ್ತೀಯ?"

ಅಪ್ಪ ಸ್ಕೂಟರ್ ನಿಧಾನ ಮಾಡಿ, ಒಂದು ಕೈ ಎತ್ತಿ, ಜೋರಾಗಿ ನಕ್ಕರು. ಭಾಯಿ ನನ್ನ ಕಡೆ ನೋಡಿದರು. ನಾನೂ ನಕ್ಕೆ.